ಪೆದ್ದು ಗೂಢಚಾರನಿಗೆ ಬುದ್ಧಿ ಬಂದ ಕಥೆ

1965ರ ಸೆಪ್ಟೆಂಬರ್‌ನ ಒಂದೇ ವಾರದಲ್ಲಿ ಅಮೆರಿಕದ ಟಿ.ವಿ.ಯಲ್ಲಿ ಮೂರು ಗೂಢಚಾರ ಧಾರಾವಾಹಿಗಳು ಶುರುವಾದವು. 15ರಂದು ‘ಐ ಸ್ಪೈ’, 17ರಂದು ‘ದಿ ವೈಲ್ಡ್ ವೈಲ್ಡ್ ವೆಸ್ಟ್’, 18ರ ಶನಿವಾರ ‘ಗೆಟ್ ಸ್ಮಾರ್ಟ್’. ಎಲ್ಲವೂ ಜೇಮ್ಸ್ ಬಾಂಡ್ ಎಬ್ಬಿಸಿದ ಗಾಳಿಯಲ್ಲಿ ಹಾರಿಬಂದವು. ಅದೇ ಗಾಳಿ ಮೂರು ವರ್ಷಕ್ಕೆ ನಮ್ಮ ಕಡೆಗೂ ಬೀಸಿ, ‘ಜೇಡರ ಬಲೆ’ಯಲ್ಲಿ ರಾಜ್‌ಕುಮಾರ್ ಸಿಐಡಿ 999 ಆದರು. ಆ ಮೂರೂ ಧಾರಾವಾಹಿಗಳು ಮುಂದೆ ಸಿನಿಮಾಗಳಾದವು. 1999ರಲ್ಲಿ ಬಂದ ‘ವೈಲ್ಡ್ ವೈಲ್ಡ್ ವೆಸ್ಟ್’, 2002ರಲ್ಲಿ ಬಂದ ‘ಐ ಸ್ಪೈ’ ಎರಡಕ್ಕೂ ವಿಮರ್ಶಕರಿಂದ ಸಿಕ್ಕಿದ್ದು ಬೈಗುಳವೇ. 2008ರ ಜೂನ್ 20ಕ್ಕೆ ಅಮೆರಿಕದಲ್ಲಿ ತೆರೆಕಂಡ ‘ಗೆಟ್ ಸ್ಮಾರ್ಟ್’ ಮಾತ್ರ ಹೇಗೋ ದಡ ಸೇರಿತು. ಸೇರುವಾಗ ಏನನ್ನು ಹೊಳೆಯಲ್ಲಿ ಬಿಟ್ಟಿತು ಎಂಬುದು ನನಗೆ ಕುತೂಹಲದ ವಿಷಯ.

ಮೂಲ ಧಾರಾವಾಹಿಯನ್ನು ಬರೆದವರು ಮೆಲ್ ಬ್ರೂಕ್ಸ್ ಮತ್ತು ಬಕ್ ಹೆನ್ರಿ. ಬಾಂಡ್‌ನ ಶೋಕಿ, ‘ಪಿಂಕ್ ಪ್ಯಾಂಥರ್’ ಸಿನಿಮಾಗಳ ಪತ್ತೇದಾರ ಕ್ಲೂಸೋನ ಎಡವಟ್ಟು ಎರಡನ್ನೂ ಒಬ್ಬನೇ ಮನುಷ್ಯನೊಳಗೆ ತುರುಕಿದರೆ ಹೇಗೆ ಎಂಬ ಆಲೋಚನೆ ಅದರ ಬೀಜ. ಮೊದಲ ಕಂತಿನ ಚಿತ್ರಕಥೆಗೆ ದುಡ್ಡು ಕೊಟ್ಟ ಎಬಿಸಿ ವಾಹಿನಿ, ಓದಿದ ಮೇಲೆ ಮುಖ ಸಿಂಡರಿಸಿತು. ಲಿಬರ್ಟಿ ಪ್ರತಿಮೆಯನ್ನು ಉಡಾಯಿಸುವ ಬೆದರಿಕೆಯನ್ನು ತಮಾಷೆ ಮಾಡುವುದೆಂದರೇನು, ಇದು ಅಮೆರಿಕಕ್ಕೇ ಅಪಚಾರ ಎಂಬುದು ಅದರ ತಕರಾರು. ಕಥೆಗೆ ಸ್ವಲ್ಪ ಮಮತೆ ಬರಲಿ, ಒಂದು ಮುದ್ದು ನಾಯಿ ಸೇರಿಸಿ ಎಂಬ ಸಲಹೆಯೂ ಬಂತು. ಬ್ರೂಕ್ಸ್ ಮತ್ತು ಹೆನ್ರಿ ನಾಯಿಯನ್ನು ಸೇರಿಸಿದರು. ಆದರೆ ಅದಕ್ಕೆ ಉಬ್ಬಸ, ಹೇಳಿದ ಮಾತು ಕೇಳುವುದಿಲ್ಲ! ಎಬಿಸಿ ಕೈಬಿಟ್ಟಿತು, ಎನ್‌ಬಿಸಿ ಎತ್ತಿಕೊಂಡಿತು. ಎನ್‌ಬಿಸಿಯ ಒಪ್ಪಂದದಲ್ಲಿದ್ದ ಡಾನ್ ಆಡಮ್ಸ್ ನಾಯಕನಾದ.

ಅವನೇ ಮ್ಯಾಕ್ಸ್‌ವೆಲ್ ಸ್ಮಾರ್ಟ್, ಏಜೆಂಟ್ 86. ಅಮೆರಿಕದ ಹೋಟೆಲ್, ಬಾರುಗಳ ಆಡುಮಾತಿನಲ್ಲಿ 86 ಎಂದರೆ ‘ಈ ಪದಾರ್ಥ ಖಾಲಿ’, ಇಲ್ಲವೇ ‘ಈ ಗಿರಾಕಿಗೆ ಇನ್ನು ಕೊಡಬೇಡಿ’. ಹೆಸರು ಜಾಣ, ನಂಬರು ತಿರಸ್ಕೃತ. ಅವನ ಸಂಸ್ಥೆ ‘ಕಂಟ್ರೋಲ್’, ಶತ್ರುಕೂಟ ‘ಕೇಯಾಸ್’. ಜೊತೆಗಾತಿ ಏಜೆಂಟ್ 99 ಪಾತ್ರದಲ್ಲಿ ಬಾರ್ಬರಾ ಫೆಲ್ಡನ್. ನಿಜವಾದ ಜಾಣೆ ಅವಳೇ. ಮ್ಯಾಕ್ಸ್‌ನನ್ನು ಮದುವೆಯಾಗಿ ಅವಳಿ ಮಕ್ಕಳನ್ನು ಹೆತ್ತರೂ ಅವಳ ಅಸಲಿ ಹೆಸರು ಏನೆಂದು ಯಾರಿಗೂ ತಿಳಿಯಲೇ ಇಲ್ಲ.

ಮ್ಯಾಕ್ಸ್‌ನ ಸಾಮಾನುಗಳಲ್ಲಿ ಎಲ್ಲರ ನೆನಪಿನಲ್ಲಿ ಉಳಿದದ್ದು ಶೂ ಫೋನ್. ಜನರ ನಡುವೆ ಬೂಟು ಬಿಚ್ಚಿ, ಹಿಮ್ಮಡಿ ಸರಿಸಿ, ಕಿವಿಗಿಟ್ಟುಕೊಂಡು ಮಾತಾಡಬೇಕು. ಇನ್ನೊಂದು ‘ಕೋನ್ ಆಫ್ ಸೈಲೆನ್ಸ್’. ಗುಟ್ಟು ಮಾತಾಡುವವರ ತಲೆಯ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಬುರುಡೆ ಇಳಿಯುತ್ತದೆ. ಒಳಗಿದ್ದವರಿಗೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸದು. ಅದು ಕೆಲಸಕ್ಕೆ ಬಾರದು ಎಂದು ಸಂಸ್ಥೆಯ ಮುಖ್ಯಸ್ಥನಿಗೆ ಗೊತ್ತು. ಆದರೂ ಮ್ಯಾಕ್ಸ್ ಪ್ರತಿ ಸಲ ‘ನಿಯಮ ನಿಯಮವೇ’ ಎಂದು ಹಟ ಹಿಡಿಯುತ್ತಾನೆ. ಸರ್ಕಾರಿ ಕಚೇರಿಗೆ ಎಂದಾದರೂ ಅರ್ಜಿ ಹಿಡಿದು ಹೋದವರಿಗೆ ಈ ಹಾಸ್ಯವನ್ನು ಬಿಡಿಸಿ ಹೇಳಬೇಕಿಲ್ಲ.

ಆಡಮ್ಸ್ ಅಭಿನಯದ ಗುಟ್ಟು ಒಂದೇ: ತಾನು ಪೆದ್ದನೆಂಬ ಅನುಮಾನ ಮ್ಯಾಕ್ಸ್‌ಗೆ ಒಂದು ಕ್ಷಣವೂ ಬರುವುದಿಲ್ಲ. ಗುಂಡು ಗುರಿತಪ್ಪಿದರೆ ಬೆರಳುಗಳ ನಡುವೆ ಒಂದಿಷ್ಟು ಅಂತರ ತೋರಿಸಿ ‘ಇಷ್ಟರಲ್ಲಿ ತಪ್ಪಿತು’ ಅನ್ನುತ್ತಾನೆ. ಸುತ್ತಲೂ ಸೈನ್ಯವಿದೆ ಎಂದು ವೈರಿಯನ್ನು ಬೆದರಿಸುತ್ತಾನೆ. ಅವನು ನಂಬದಿದ್ದರೆ ಸೈನ್ಯದ ಲೆಕ್ಕವನ್ನು ಇಳಿಸುತ್ತಾ ಇಳಿಸುತ್ತಾ ಚೌಕಾಸಿಗೆ ನಿಲ್ಲುತ್ತಾನೆ. ಶೀತಲ ಸಮರದ ದಿನಗಳಲ್ಲಿ ಸರ್ಕಾರಗಳು ತೋರುತ್ತಿದ್ದ ಭಾರೀ ಆತ್ಮವಿಶ್ವಾಸದ ಅಣಕ ಇದು. ಐದು ವರ್ಷ, 138 ಕಂತು. ಆಡಮ್ಸ್‌ಗೆ ಮೂರು ಎಮ್ಮಿ ಪ್ರಶಸ್ತಿ. ಕೊನೆಯ ವರ್ಷ ಸಿಬಿಎಸ್‌ಗೆ ವಲಸೆ ಹೋದ ಧಾರಾವಾಹಿ 1970ರಲ್ಲಿ ನಿಂತಿತು.

ಆಮೇಲೆ ಅದನ್ನು ಎಬ್ಬಿಸಿ ಕೂರಿಸುವ ಯತ್ನಗಳು ನಡೆದೇ ಇದ್ದವು. 1980ರ ‘ದಿ ನ್ಯೂಡ್ ಬಾಂಬ್’ ಸಿನಿಮಾದಲ್ಲಿ ಬಟ್ಟೆಗಳನ್ನಷ್ಟೇ ನಾಶಮಾಡುವ ಬಾಂಬ್ ಇತ್ತು, 99 ಇರಲಿಲ್ಲ. ಅವಳಿಲ್ಲದೆ ಮ್ಯಾಕ್ಸ್ ಬರೀ ಗದ್ದಲ. 1989ರಲ್ಲಿ ಒಂದು ಟಿ.ವಿ. ಚಿತ್ರ ಬಂತು. 1995ರಲ್ಲಿ ಮ್ಯಾಕ್ಸ್‌ನ ಮಗನನ್ನು ಏಜೆಂಟ್ ಮಾಡಿದ ಹೊಸ ಧಾರಾವಾಹಿ ಏಳೇ ಕಂತಿಗೆ ಮುಗಿಯಿತು. 2005ರಲ್ಲಿ ಆಡಮ್ಸ್ ತೀರಿಕೊಂಡ.

ಹಾಗಾಗಿ ನಿರ್ದೇಶಕ ಪೀಟರ್ ಸೀಗಲ್ ಸಿನಿಮಾ ಮಾಡಲು ಹೊರಟಾಗ ಆಡಮ್ಸ್‌ನ ಅನುಕರಣೆಗೆ ಕೈಹಾಕಲಿಲ್ಲ. ಸ್ಟೀವ್ ಕ್ಯಾರೆಲ್‌ನ ಮ್ಯಾಕ್ಸ್ ಪೆದ್ದನೇ ಅಲ್ಲ. ಅವನು ವಿಶ್ಲೇಷಕ, ಶತ್ರುಗಳ ಸಂಭಾಷಣೆಯನ್ನು ಕದ್ದು ಕೇಳಿ ಪುಟಗಟ್ಟಲೆ ವರದಿ ಬರೆಯುತ್ತಾನೆ, ಯಾರೂ ಓದುವುದಿಲ್ಲ. ಏಜೆಂಟ್ ಪರೀಕ್ಷೆ ಪಾಸಾದರೂ ಬಡ್ತಿ ಸಿಗುವುದಿಲ್ಲ, ಏಕೆಂದರೆ ಮೇಜಿನ ಕೆಲಸಕ್ಕೆ ಅವನೇ ಬೇಕು. ಕೇಯಾಸ್ ದಾಳಿ ಮಾಡಿ ಉಳಿದ ಏಜೆಂಟರ ಗುರುತು ಬಯಲಾದ ಮೇಲಷ್ಟೇ ಆನ್ ಹ್ಯಾಥವೇಯ 99 ಜೊತೆ ಅವನನ್ನು ಕಳಿಸುತ್ತಾರೆ. ಇರಾಕ್ ಯುದ್ಧದಲ್ಲಿ ಗುಪ್ತಚರ ವರದಿಗಳ ಮಾನ ಹೋಗಿದ್ದ ಕಾಲವದು. ಕಡತದೊಳಗೆ ಸತ್ಯವಿತ್ತು, ಓದುವವರಿರಲಿಲ್ಲ ಎಂಬ ಕಥೆ ಆ ಹೊತ್ತಿಗೆ ಸರಿಯಾಗಿಯೇ ಒಪ್ಪುತ್ತಿತ್ತು.

ಆದರೆ ಪೆದ್ದನಿಗೆ ಬುದ್ಧಿ ಕೊಟ್ಟ ಕೂಡಲೇ ನಗು ಬೇರೆ ಕಡೆಯಿಂದ ಬರಬೇಕಾಗುತ್ತದೆ. ಸಿನಿಮಾ ಅದನ್ನು ಹೊಡೆದಾಟ, ಸ್ಫೋಟ, ವಿಮಾನದಿಂದ ಬೀಳುವುದರಲ್ಲಿ ಹುಡುಕಿತು. ಅಣಕಿಸಬೇಕಾದ ಆ್ಯಕ್ಷನ್ ಚಿತ್ರವೇ ತಾನಾಗಿಬಿಟ್ಟಿತು. ಶೂ ಫೋನು, ಮ್ಯಾಕ್ಸ್‌ನ ಹಳೆಯ ಸನ್‌ಬೀಮ್ ಟೈಗರ್ ಕಾರು ಮ್ಯೂಸಿಯಂ ಸೇರಿದ್ದವು, ನಡುವೊಮ್ಮೆ ಅಷ್ಟೇ ಹೊರಬಂದವು. ಸುಮಾರು 8 ಕೋಟಿ ಡಾಲರ್ ಸುರಿದದ್ದಕ್ಕೆ ಜಗತ್ತಿನಾದ್ಯಂತ 23 ಕೋಟಿ ಡಾಲರ್ ಬಂತು. ಆದರೂ ಎರಡನೇ ಭಾಗ ಬರಲಿಲ್ಲ.

ಆ ಗದ್ದಲದ ನಡುವೆಯೂ ಹೊಸ ಮ್ಯಾಕ್ಸ್ ಸಾರ್ಥಕವಾಗುವ ಒಂದು ದೃಶ್ಯವಿದೆ, ಅದರಲ್ಲಿ ನಮ್ಮವನೊಬ್ಬನಿದ್ದಾನೆ. ಹಿಮಾಚಲದ ಕುಸ್ತಿಪಟು ದಲೀಪ್ ಸಿಂಗ್ ರಾಣಾ, ಅಂದರೆ ‘ದಿ ಗ್ರೇಟ್ ಖಲಿ’, ಕೇಯಾಸ್‌ನ ದೈತ್ಯ ಬಂಟನಾಗಿ ಬರುತ್ತಾನೆ. ಪಾತ್ರದ ಹೆಸರೂ ದಲೀಪ್. ಅವನ ಮುಷ್ಟಿಗೆ ಸಿಕ್ಕಿದ ಮ್ಯಾಕ್ಸ್ ಬಂದೂಕಿಗೆ ತಡಕಾಡುವುದಿಲ್ಲ. ವರ್ಷಗಟ್ಟಲೆ ಕದ್ದು ಕೇಳಿದವನಿಗೆ ಆ ದೈತ್ಯನ ಮನೆಯ ವಿಷಯವೆಲ್ಲ ಗೊತ್ತು. ಹೆಂಡತಿಯೊಂದಿಗಿನ ಮನಸ್ತಾಪದ ಬಗ್ಗೆ ಮಾತು ತೆಗೆಯುತ್ತಾನೆ. ಎತ್ತಿದ ಕೈ ಇಳಿಸಿ ದಲೀಪ್ ಕೇಳತೊಡಗುತ್ತಾನೆ.