ಡಾಟ್ ಮ್ಯಾಟ್ರಿಕ್ಸ್ ಫಾಂಟ್ ಅಂದರೆ ಏನು?

ಗೆರೆ ಎಳೆಯದೆ ಬರೀ ಚುಕ್ಕಿಗಳನ್ನು ಜೋಡಿಸಿ ಕಟ್ಟಿದ ಅಕ್ಷರಗಳಿಗೆ ಡಾಟ್ ಮ್ಯಾಟ್ರಿಕ್ಸ್ ಫಾಂಟ್ ಅನ್ನುತ್ತಾರೆ. ಬಸ್ಸಿನ ಹಣೆಯ ಮೇಲೆ ಬೆಳಗುವ ಊರಿನ ಹೆಸರು, ರೈಲ್ವೆ ಪ್ಲಾಟ್‌ಫಾರಂನಲ್ಲಿ ಬೋಗಿ ನಂಬರ್ ತೋರಿಸುವ ಬೋರ್ಡು, ಎರಡೂ ಅಂಚಿಗೆ ತೂತು ಇದ್ದ ಉದ್ದನೆಯ ಕಾಗದದಲ್ಲಿ ಕರ್‌ಕರ್ ಸದ್ದು ಮಾಡುತ್ತಾ ಬರುತ್ತಿದ್ದ ಬಿಲ್ಲು, ಎಲ್ಲ ಒಂದೇ ಜಾತಿ. ಕ್ಯಾಲ್ಕುಲೇಟರ್ ಅಂಕಿಗಳನ್ನೂ ಇದಕ್ಕೇ ಸೇರಿಸುವವರಿದ್ದಾರೆ. ಅದು ಬೇರೆ. ಅಲ್ಲಿರುವುದು ಏಳು ಕಡ್ಡಿ, ಅದರ ಹೆಸರು ಸೆವೆನ್ ಸೆಗ್ಮೆಂಟ್.

ಮ್ಯಾಟ್ರಿಕ್ಸ್ ಅಂದರೆ ಇಲ್ಲಿ ಚೌಕಳಿ. ಇಂಗ್ಲಿಷಿಗೆ ಜಾಸ್ತಿ ಬಳಸಿದ್ದು ಅಡ್ಡಕ್ಕೆ 5, ಉದ್ದಕ್ಕೆ 7, ಒಟ್ಟು 35 ಚುಕ್ಕಿ. ಅಷ್ಟರಲ್ಲೇ ಎಲ್ಲ ಅಕ್ಷರ ಮುಗಿಯಬೇಕು. ಹಳೆಯ ಎಷ್ಟೋ ಪ್ರಿಂಟರ್‌ಗಳಲ್ಲಿ ಸಣ್ಣ ಜಿ, ಪಿ, ವೈ ಅಕ್ಷರಗಳ ಬಾಲ ಕೆಳಗಿಳಿಯಲು ಜಾಗವಿಲ್ಲದೆ ಮೇಲಕ್ಕೇ ಮುದುಡಿಕೊಂಡಿರುತ್ತಿತ್ತು. 1980ರಲ್ಲಿ ಬಂದ ಎಪ್ಸನ್ ಎಂಎಕ್ಸ್-80 ಪ್ರಿಂಟರಿನ ತಲೆಯಲ್ಲಿ ಚುಕ್ಕಿ ಒತ್ತುವ ಸೂಜಿ ಒಂದರ ಕೆಳಗೊಂದು 9 ಇದ್ದವು, ಅಲ್ಲಿ ಬಾಲ ಸರಿಯಾಗಿ ಇಳಿಯಿತು.

ಆಗ ಅದು ಯಂತ್ರದ ಕಷ್ಟ. ಈಗ ಅದೇ ರೂಪವನ್ನು ಜನ ಇಷ್ಟಪಟ್ಟು ಆರಿಸಿಕೊಳ್ಳುತ್ತಿದ್ದಾರೆ. 2022ರಲ್ಲಿ ಮೊದಲ ಫೋನ್ ತಂದ ಲಂಡನ್ನಿನ ನಥಿಂಗ್ ಕಂಪನಿಗೆ ಚುಕ್ಕಿ ಅಕ್ಷರವೇ ಗುರುತು. ಇವತ್ತಿನ ಇಂಥ ಫಾಂಟ್‌ಗಳಲ್ಲಿ ಪ್ರತಿ ಚುಕ್ಕಿಯೂ ಬಿಡಿಸಿಟ್ಟ ಒಂದು ವೃತ್ತ, ಎಷ್ಟು ದೊಡ್ಡದು ಮಾಡಿದರೂ ಅಂಚು ಒಡೆಯುವುದಿಲ್ಲ. ಸಣ್ಣದು ಮಾಡಿದರೆ ಮಾತ್ರ ಚುಕ್ಕಿಗಳು ಒಂದಕ್ಕೊಂದು ಅಂಟಿ ಮಸಿ ಚೆಲ್ಲಿದ ಹಾಗೆ ಕಾಣುತ್ತದೆ. ಅದಕ್ಕೇ ಇದು ಡಿಸ್‌ಪ್ಲೇ ಫಾಂಟ್: ತಲೆಬರಹಕ್ಕೆ, ಪೋಸ್ಟರಿಗೆ ಚೆಂದ. ದಯವಿಟ್ಟು ಇಡೀ ಪ್ಯಾರಾ ಇದರಲ್ಲಿ ಹಾಕಬೇಡಿ, ಓದುವವರ ಕಣ್ಣು ಸುಮ್ನೆ ದಣಿಯುತ್ತದೆ.

ಕನ್ನಡಕ್ಕೆ ಬಂದರೆ ಕೆಲಸ ನಿಜವಾಗಿ ಕಷ್ಟ, ನನಗೆ ಇಷ್ಟವಾಗುವ ಭಾಗವೂ ಇದೇ. ನಮ್ಮಲ್ಲಿ ಚುಕ್ಕಿಗೇ ಅರ್ಥ ಇದೆ ಅಲ್ವಾ? ‘ಥ’ ಹೊಟ್ಟೆಯೊಳಗಿನ ಚುಕ್ಕಿ ಹೋದರೆ ಅದು ‘ಧ’. ‘ಧ’ ಅಡಿಯ ಸಣ್ಣ ಸೀಳು ಮುಚ್ಚಿದರೆ ‘ದ’. ಇಡೀ ಅಕ್ಷರವೇ ಚುಕ್ಕಿಗಳಿಂದ ಆಗಿರುವಾಗ ಆ ಒಂದು ಚುಕ್ಕಿ ಬೇರೆಯಾಗಿ ಕಾಣಬೇಕಾದರೆ ಅದರ ಸುತ್ತ ಖಾಲಿ ಜಾಗ ಬಿಡಲೇಬೇಕು, ಅಂದರೆ ಅಕ್ಷರ ಅಗಲವಾಗಲೇಬೇಕು, ಅಡ್ಡಕ್ಕೆ 5 ಚುಕ್ಕಿಯಲ್ಲಿ ಅದು ಆಗದ ಮಾತು. ಇನ್ನು ಒತ್ತಕ್ಷರ. ‘ಲಕ್ಷ್ಮಿ’ ಬರೆಯಿರಿ: ‘ಕ’ಗೆ ‘ಷ’ ಒತ್ತು, ಅದರ ಜೊತೆಗೆ ‘ಮ’ ಒತ್ತು, ಮೇಲೆ ಗುಡಿಸು. ಅಂಗಡಿ ಮುಂದೆ ತೂಗುಹಾಕುವ ಪಿ10 ಅನ್ನುವ ಎಲ್‌ಇಡಿ ಹಲಗೆ ಒಂದರಲ್ಲಿ ಮೇಲಿಂದ ಕೆಳಕ್ಕೆ 16 ಸಾಲು ಚುಕ್ಕಿ ಇರುತ್ತವೆ, ಅದರಲ್ಲೂ ಎರಡು ಒತ್ತು ಬಂದರೆ ಇಕ್ಕಟ್ಟು.

ಹಾಗಾಗಿ ಇಂಗ್ಲಿಷ್ ಚೌಕಳಿಯನ್ನು ಹಾಗೇ ತಂದು ಕನ್ನಡ ತುರುಕಿದರೆ ಒತ್ತು ಓದಲಾಗದಷ್ಟು ಕುಗ್ಗುತ್ತದೆ. ಕನ್ನಡ ಚುಕ್ಕಿ ಫಾಂಟ್ ಮಾಡುವ ಆಸೆ ಇದ್ದವರು ‘ಅ’ದಿಂದ ಶುರು ಮಾಡಬೇಡಿ. ಮೊದಲು ‘ಥ’ ಮತ್ತು ‘ಕ್ಷ್ಮಿ’ ಬಿಡಿಸಿ. ಅವೆರಡು ಆರಾಮಾಗಿ ಕೂರುವ ಚೌಕಳಿ ಸಿಕ್ಕಿದ ಮೇಲೆ ಉಳಿದ ಅಕ್ಷರಗಳಿಗೆ ಕೈ ಹಾಕಿ.