ಡಬ್ಬಿ ತೊಳೆದ್ರಾ, ಉಜ್ಜಿದ್ರಾ?

ಬೇಸಿಗೆ ರಜೆ ಶುರುವಾದರೆ ಸಾಕು, ನನಗೆ ಬರುವ ಫೋನುಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ. "ಅಣ್ಣಾ, ತಗಡಿನ ಡಬ್ಬಿಗೆ ಯಾವ ಕಂಪನಿ ಬಣ್ಣ ಚೆನ್ನಾಗಿ ಹಿಡೀತದ್ರೀ?" ಹಿಂದೆಯೇ ವಾಟ್ಸಾಪಿನಲ್ಲಿ ಫೋಟೊ ಬರುತ್ತದೆ. ಪೇಂಟಿನ ಖಾಲಿ ಡಬ್ಬಿ, ಅದರ ಮೇಲೆ ಚೆಂದದ ನವಿಲು. ನವಿಲಿನ ಕತ್ತು ಮಾತ್ರ ಚಕ್ಕೆ ಎದ್ದು ಉದುರಿರುತ್ತದೆ.

ನಾನು ಬೋರ್ಡ್ ಬರೆಯುವವನು. ಫ್ಲೆಕ್ಸ್ ಬರುವ ಮುಂಚೆ ದಾವಣಗೆರೆಯ ಅಂಗಡಿಗಳ ತಗಡಿನ ಬೋರ್ಡುಗಳೇ ನನಗೆ ಅನ್ನ ಹಾಕಿದವು. ಈಗ ರಜೆಯಲ್ಲಿ ಮಕ್ಕಳಿಗೂ ಟೀಚರುಗಳಿಗೂ ಡಬ್ಬಿ ಅಲಂಕಾರ ಹೇಳಿಕೊಡುತ್ತೇನೆ. ಚಿತ್ರ ಬರೆಯುವುದನ್ನು ನಾನು ಕಲಿಸಬೇಕಾಗಿಯೇ ಇಲ್ಲ. ರಂಗೋಲಿ ಹಾಕಿ ಪಳಗಿದ ಕೈ ನಮ್ಮ ಹೆಣ್ಣುಮಕ್ಕಳದು, ಬ್ರಶ್ ಕೊಟ್ಟರೆ ನನಗಿಂತ ನೆಟ್ಟಗೆ ಗೆರೆ ಎಳೀತಾರೆ. ಅಂಥ ಕೈಯ ಕೆಲಸ ಎರಡೇ ವಾರಕ್ಕೆ ಉದುರಿದರೆ ಸಿಟ್ಟು ಬರಲ್ವಾ?

ಕಂಪನಿ ಯಾವುದಾದರೂ ಆಗಲಿ. ತಪ್ಪು ಬಣ್ಣದ್ದಲ್ಲ, ಬಣ್ಣದ ಕೆಳಗಿರುವುದರದ್ದು. ಇದನ್ನು ಎಷ್ಟು ಸಲ ಹೇಳಿದರೂ "ಸರಿ ಅಣ್ಣಾ, ಆದ್ರೂ ಯಾವ ಕಂಪನಿ?" ಅಂತಲೇ ಕೇಳುತ್ತಾರೆ.

ಪೇಂಟ್ ಡಬ್ಬಿ ಅಂದರೆ ತೆಳು ಕಬ್ಬಿಣದ ತಗಡು, ಅದರ ಮೇಲೆ ತವರದ ಲೇಪ. ಆ ಲೇಪ ತಲೆಗೂದಲಿಗಿಂತ ಎಷ್ಟೋ ಪಾಲು ತೆಳು. ಕನ್ನಡಿಯಂಥ ನುಣುಪು, ಬಣ್ಣ ಕಚ್ಚಿ ಹಿಡಿಯಲು ಅಲ್ಲಿ ಜಾಗವೇ ಇಲ್ಲ. ಸಾಲದ್ದಕ್ಕೆ ಹೊಸ ಡಬ್ಬಿಯ ಮೇಲೆ ಎಣ್ಣೆಯ ಪಸೆ ಇರುತ್ತದೆ, ಅದರ ಮೇಲೆ ನಿಮ್ಮ ಕೈಯ ಜಿಡ್ಡು. ದೋಸೆ ಅಂಟಬಾರದು ಅಂತ ಹೆಂಚಿಗೆ ಎಣ್ಣೆ ಸವರ್ತೀರಲ್ಲ, ಡಬ್ಬಿ ಮೇಲೆ ಈ ಜಿಡ್ಡು ಮಾಡುವುದೂ ಅದೇ ಕೆಲಸ.

ಹಾಗಾಗಿ ಮೊದಲು ತೊಳೆಯಿರಿ. ಪಾತ್ರೆ ತೊಳೆಯುವ ಸೋಪು, ಬಿಸಿನೀರು ಸಾಕು. ತೊಳೆದ ಮೇಲೆ ಒಂದು ಚೊಂಬು ನೀರು ಸುರಿದು ನೋಡಿ. ನೀರು ಒಂದೇ ಪದರವಾಗಿ ಹರಡಿ ಇಳಿದರೆ ಜಿಡ್ಡು ಹೋಗಿದೆ. ಹನಿಹನಿಯಾಗಿ ಒಡೆದು ನಿಂತರೆ ಹೋಗಿಲ್ಲ, ಇನ್ನೊಮ್ಮೆ ತೊಳೆಯಿರಿ. ಒರೆಸಿದ ಮೇಲೆ ಬರಿಗೈಯಲ್ಲಿ ಮೈ ಮುಟ್ಟಬೇಡಿ, ಅಂಚು ಹಿಡಿಯಿರಿ.

ಆಮೇಲೆ ಉಜ್ಜುವುದು. ಇಲ್ಲಿ ಎರಡು ಥರದ ಜನ. ಕೆಲವರು ಉಜ್ಜುವುದೇ ಇಲ್ಲ. ಇನ್ನು ಕೆಲವರು 80 ನಂಬರಿನ ಉಪ್ಪುಕಾಗದ ತಂದು, ಹಳೇ ಗೇಟು ಉಜ್ಜಿದ ಹಾಗೆ ಉಜ್ಜುತ್ತಾರೆ. ತವರ ಕಿತ್ತು ಹೋಗಿ ಕಬ್ಬಿಣ ಹೊರಗೆ ಬಂತು ಅಂದರೆ ತುಕ್ಕಿಗೆ ಬಾಗಿಲು ತೆಗೆದಂತೆ. 320 ಅಥವಾ 400 ನಂಬರಿನ ವಾಟರ್ ಪೇಪರ್ ತಗೊಳ್ಳಿ. ನೀರು ಮುಟ್ಟಿಸಿ ಹಗುರವಾಗಿ ತಿಕ್ಕಿ, ಹೊಳಪು ಮಾಸಿದರೆ ಸಾಕು. ಒಣಗಿಸಿ, ಅವತ್ತೇ ಮೆಟಲ್ ಪ್ರೈಮರ್, ಅಂದರೆ ಬಣ್ಣಕ್ಕೂ ಮುಂಚೆ ತಗಡಿಗೆ ಬಳಿಯುವ ತಳದ ಲೇಪ, ಒಂದು ಕೈ ತೆಳುವಾಗಿ ಹೊಡೆಯಿರಿ. ರೆಡ್ ಆಕ್ಸೈಡ್ ಕೆಂಪಗೆ ಕಾಣುತ್ತೆ ಅಂತ ಮುಖ ಕಿವುಚುವವರಿಗೆ ಬೂದು, ಬಿಳಿ ಪ್ರೈಮರೂ ಸಿಗುತ್ತದೆ. ಜಿಐ ಬಕೆಟ್ಟಿನ ಕಥೆ ಬೇರೆ. ಅದರ ಮೇಲಿರುವುದು ಸತು, ಆಯಿಲ್ ಪೇಂಟ್ ನೇರ ಹಚ್ಚಿದರೆ ದಿನ ಕಳೆದಂತೆ ಬಿಟ್ಟುಕೊಳ್ಳುತ್ತದೆ. ಅದಕ್ಕೆ ಆಗುವ ಪ್ರೈಮರ್ ಯಾವುದು ಅಂತ ಅಂಗಡಿಯಲ್ಲಿ ಕೇಳಿಯೇ ತನ್ನಿ.

ಕಂಪನಿ ಹೆಸರು ಅಚ್ಚಾದ ಡಬ್ಬಿ ಸಿಕ್ಕಿದರೆ ಅದೃಷ್ಟ. ಆ ಅಚ್ಚನ್ನು ಕಾರ್ಖಾನೆಯಲ್ಲಿ ಬಿಸಿ ಕೊಟ್ಟು ಗಟ್ಟಿ ಮಾಡಿರುತ್ತಾರೆ, ಅದಕ್ಕಿಂತ ಒಳ್ಳೆ ತಳಪಾಯ ನಾವು ಹಾಕಲಾರೆವು. ಹೊಳಪು ಮಾಸುವಷ್ಟು ತಿಕ್ಕಿ, ಅದರ ಮೇಲೆಯೇ ಮುಂದುವರಿಯಿರಿ. ಮೊನ್ನೆ ವಿದ್ಯಾನಗರದ ಒಬ್ಬ ಅಕ್ಕ ಅದನ್ನು ಸ್ಕ್ರೂಡ್ರೈವರಿನಿಂದ ಹೆರೆದು ತಂದಿದ್ದರು. ಇಡೀ ಡಬ್ಬಿ ಗೀರುಗೀರು. "ಅಚ್ಚುಕಟ್ಟಾಗಿರ್ಲಿ ಅಂತ ತೆಗೆದೆ ಅಣ್ಣಾ" ಅಂದರು. ಏನು ಹೇಳಲಿ, ನಗು ಬಂತು. ಆ ಗೀರುಗಳ ಮೇಲೆ ಪ್ರೈಮರ್ ಬಳಿದು, ಚಿತ್ರದುರ್ಗದ ಕೋಟೆ ಕಲ್ಲು ಬರೆಯಿರಿ ಅಂದೆ. ಚೆನ್ನಾಗಿಯೇ ಬಂತು.

ಇನ್ನೊಂದು ಅವಸರ. ಎನಾಮಲ್ ಪೇಂಟು ಥಿನ್ನರ್ ಆರಿದ ಮಾತ್ರಕ್ಕೆ ಗಟ್ಟಿಯಾಗುವುದಿಲ್ಲ. ಗಾಳಿಯ ಆಮ್ಲಜನಕ ಸೇರಿ ನಿಧಾನಕ್ಕೆ ಗಟ್ಟಿಯಾಗುತ್ತದೆ. ನಮ್ಮ ಏಪ್ರಿಲ್ ಬಿಸಿಲಿಗೆ ಇಟ್ಟರೆ ಮೇಲೆ ಬೇಗ ಕೆನೆ ಕಟ್ಟುತ್ತದೆ, ಒಳಗೆ ಹಸಿಯೇ ಉಳಿಯುತ್ತದೆ, ಆಮೇಲೆ ಸುಕ್ಕು. ದಪ್ಪಗೆ ಒಂದು ಕೈ ಬೇಡ, ತೆಳ್ಳಗೆ ಎರಡು ಕೈ ಇರಲಿ. ನೆರಳಲ್ಲಿ, ಗಾಳಿ ಆಡುವಲ್ಲಿ, ನಡುವೆ ಒಂದು ರಾತ್ರಿ ಬಿಡಿ. ಮುಟ್ಟಿದರೆ ಅಂಟುವುದಿಲ್ಲ ಅನ್ನುವುದಕ್ಕೂ ಪೂರ್ತಿ ಒಣಗಿದೆ ಅನ್ನುವುದಕ್ಕೂ ಒಂದು ವಾರದ ಅಂತರ ಇಟ್ಟುಕೊಂಡರೆ ಒಳ್ಳೆಯದು. ಆಗ ತಳದಲ್ಲಿ ಬ್ಲೇಡಿನಿಂದ ಸಣ್ಣ ಚೌಕಗಳ ಗೆರೆ ಎಳೆದು, ಸೆಲ್ಲೋಟೇಪ್ ಒತ್ತಿ ಅಂಟಿಸಿ, ಸರಕ್ಕನೆ ಎಳೆಯಿರಿ. ಟೇಪಿಗೆ ಬಣ್ಣ ಬರಲಿಲ್ಲ ಅಂದರೆ ಗೆದ್ದಿರಿ.

ಅಟ್ಟದ ಮೇಲಿನ ಹಳೇ ಡಬ್ಬಿಗಳ ಬಗ್ಗೆ ಸ್ವಲ್ಪ ಹುಷಾರು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ದಾಟಬಾರದು ಅನ್ನುವ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಡಬ್ಬಿಯಲ್ಲಿ ಒಣಗಿ ಹೆಪ್ಪುಗಟ್ಟಿದ ಬಣ್ಣವನ್ನು ಮಕ್ಕಳ ಕೈಯಲ್ಲಿ ಕೆರೆಸಬೇಡಿ, ಒಣಗಿದ ಹಾಗೇ ಉಜ್ಜಿ ಪುಡಿಯನ್ನೂ ಎಬ್ಬಿಸಬೇಡಿ. ಕ್ರಾಫ್ಟಿಗೆ ಹೊಸ ಖಾಲಿ ಡಬ್ಬಿಯೇ ಸಲೀಸು. ಗಿಡ ನೆಡುವವರು ತಳಕ್ಕೆ ತೂತು ಹೊಡೆದ ಮೇಲೆ ತೂತಿನ ಅಂಚಿಗೂ ಪ್ರೈಮರ್ ಮುಟ್ಟಿಸಿ, ತುಕ್ಕು ಶುರುವಾಗುವುದೇ ಅಲ್ಲಿ. ಇನ್ನೂ ವಾಸಿ ಅಂದರೆ, ಗಿಡವನ್ನು ಪ್ಲಾಸ್ಟಿಕ್ ಕುಂಡದಲ್ಲೇ ಬಿಟ್ಟು, ಕುಂಡವನ್ನು ಡಬ್ಬಿಯೊಳಗೆ ಇಳಿಸಿ. ಬೇಸಿಗೆಯಲ್ಲಿ ತಗಡು ಕಾದು ಬೇರು ಬೇಯುತ್ತದೆ.

ಮತ್ತೆ, ಮಗನ ಬರ್ತ್‌ಡೇಗೆ ಖಾಲಿಯಾದ ಪೇಂಟ್ ಡಬ್ಬಿಗಳನ್ನು ಅಲಂಕರಿಸಿ ಅದರಲ್ಲೇ ಖಾರ ಮಂಡಕ್ಕಿ ಕೊಡ್ತೀನಿ ಅಂತ ಫೋನ್ ಮಾಡಿದ್ದ ತಮ್ಮನಿಗೆ: ಎಷ್ಟು ತೊಳೆದರೂ ಬೇಡಪ್ಪಾ. ಪೆನ್ನು ಹಾಕು, ಬ್ರಶ್ ಹಾಕು. ಮಂಡಕ್ಕಿ ಪೇಪರ್ ಪ್ಲೇಟಿನಲ್ಲಿ ಕೊಡು.