ಆಲ್ಪ್ ಡು ಜ್ವಿಫ್ಟ್: ಬುಡದಲ್ಲಿ ಕೈ ಬಿಗಿ ಇರಲಿ

ನಿಂತಲ್ಲೇ ತುಳಿಯಲು ಬಿಡುವ ಟ್ರೈನರ್ ಯಂತ್ರಕ್ಕೆ ಮನೆಯಲ್ಲೇ ಸೈಕಲ್ ಸಿಕ್ಕಿಸಿ, ಪರದೆಯ ಮೇಲಿನ ಸೈಕ್ಲಿಂಗ್ ಆಟ ಜ್ವಿಫ್ಟ್ ಆಡುವವರು ನನಗೆ ಕಳಿಸುವ ಪವರ್ ಗ್ರಾಫ್‌ಗಳಲ್ಲಿ (ತುಳಿದ ಶಕ್ತಿ ಎಷ್ಟು ವಾಟ್ ಎಂದು ತೋರಿಸುವ ಗೆರೆಗಳಲ್ಲಿ) ಒಂದೇ ಆಕಾರ ಪದೇ ಪದೇ ಕಾಣುತ್ತದೆ. ಶುರುವಿನಲ್ಲಿ ಎತ್ತರದ ಗೆರೆ, ಹತ್ತು ನಿಮಿಷದ ಹೊತ್ತಿಗೆ ದಡಕ್ಕನೆ ಇಳಿತ, ಆಮೇಲೆ ಕೊನೆವರೆಗೂ ಎಳೆದಾಟ. ಫೈಲಿನ ಹೆಸರು ನೋಡುವುದೇ ಬೇಡ, ಅದು ಆಟದೊಳಗಿನ ಬೆಟ್ಟದ ಏರು, ಆಲ್ಪ್ ಡು ಜ್ವಿಫ್ಟ್. ಶುದ್ಧ ಆರಂಭಶೂರತ್ವ.

ಈ ಏರು ಫ್ರಾನ್ಸಿನ ಆಲ್ಪ್ ದ್ಯುಯೆಜ್‌ನ ನಕಲು. ಟೂರ್ ಡಿ ಫ್ರಾನ್ಸ್ 1952ರಲ್ಲಿ ಮೊದಲ ಸಲ ಅಲ್ಲಿ ಹತ್ತಿದಾಗ ಗೆದ್ದವರು ಇಟಲಿಯ ಫೌಸ್ಟೊ ಕೊಪ್ಪಿ. ಆಟದಲ್ಲಿ 12.2 ಕಿಲೋಮೀಟರ್ ದೂರ, 1036 ಮೀಟರ್ ಎತ್ತರ, ಸರಾಸರಿ 8.5% ಏರು. ಅಸಲಿಯಲ್ಲಿ ಇರುವಂತೆ ಇಲ್ಲೂ 21 ತಿರುವು, ಎಣಿಕೆ 21ರಿಂದ ಕೆಳಮುಖ. ಗಂಟೆಯೊಳಗೆ ಮುಗಿಸಬೇಕೆಂದರೆ ಕೆಜಿ ತೂಕಕ್ಕೆ ಸುಮಾರು 3.2ರಿಂದ 3.4 ವಾಟ್ ಕೊನೆವರೆಗೂ ಹಾಕಬೇಕು.

ತೊಂದರೆ ಏನೆಂದರೆ ಬುಡದಲ್ಲೇ 10% ದಾಟುವ ತುಂಡುಗಳಿವೆ. ಕಾಲು ಆಗಷ್ಟೇ ಬಿಸಿಯಾಗಿರುತ್ತದೆ, ಹೃದಯ ಬಡಿತ ಇನ್ನೂ ಏರಿರುವುದಿಲ್ಲ, ಹಾಡು ಜೋರಾಗಿ ಕೇಳುತ್ತಿರುತ್ತದೆ. ಪಕ್ಕದಲ್ಲಿ ಯಾರೋ ದಾಟಿ ಹೋದರೆ ಸುಮ್ನೆ ಇರೋಕಾಗಲ್ಲ, ಅಲ್ವಾ? ಎಷ್ಟು ವಾಟ್ ಒತ್ತಿದರೂ ಹಗುರ ಅನಿಸುವ ಹೊತ್ತು ಅದು.

ಲೆಕ್ಕ ಹಾಕಿ ನೋಡೋಣ. 70 ಕೆಜಿ ಸವಾರ, ಎಫ್‌ಟಿಪಿ 220 ವಾಟ್, ಅಂದರೆ ಹೆಚ್ಚುಕಮ್ಮಿ ಒಂದು ಗಂಟೆ ಹಿಡಿದಿಡಬಹುದಾದ ಗರಿಷ್ಠ ಶಕ್ತಿ. ಎಫ್‌ಟಿಪಿ ತಿಂಗಳ ಸಂಬಳ ಇದ್ದ ಹಾಗೆ, ಅದರ ಮೇಲೆ ಒತ್ತುವುದೆಲ್ಲ ಉಳಿತಾಯದಿಂದ ತೆಗೆದ ದುಡ್ಡು. ಈ ಉಳಿತಾಯ ಸಾಮಾನ್ಯ ಸವಾರರಲ್ಲಿ 15ರಿಂದ 20 ಕಿಲೋಜೂಲ್ ಇರುತ್ತದೆ, ಅಷ್ಟೇ. ಈ ಸವಾರ ಮೊದಲ 8 ನಿಮಿಷ 260 ವಾಟ್ ಒತ್ತಿದರೆ, ಹೆಚ್ಚುವರಿ 40 ವಾಟ್ ಗುಣಿಸು 480 ಸೆಕೆಂಡ್, 19.2 ಕಿಲೋಜೂಲ್. ಮೊದಲ ಕೆಲವು ತಿರುವು ದಾಟುವಷ್ಟರಲ್ಲಿ ಖಜಾನೆ ಖಾಲಿ. ಮತ್ತೆ ತುಂಬಿಸಬೇಕೆಂದರೆ ಎಫ್‌ಟಿಪಿಗಿಂತ ಸಾಕಷ್ಟು ಕೆಳಗೆ ಇಳಿಯಬೇಕು. ಅಷ್ಟೊತ್ತಿಗೆ ಕಾಲು ತಾನೇ ಇಳಿದಿರುತ್ತದೆ, ಕೇಳುವುದೇ ಇಲ್ಲ.

ಇದೇ ಸವಾರ ಸಮನಾಗಿ 205 ವಾಟ್ ಹಿಡಿದರೆ 70 ನಿಮಿಷದ ಆಸುಪಾಸಿನಲ್ಲಿ ತುದಿ ಮುಟ್ಟುತ್ತಾನೆ. 260ರಲ್ಲಿ ಶುರು ಮಾಡಿದರೆ ಆ 8 ನಿಮಿಷದಲ್ಲಿ ಸುಮಾರು 2 ನಿಮಿಷ ಲಾಭ. ಆಮೇಲೆ 170ಕ್ಕೆ ಕುಸಿದರೆ ಉಳಿದ ದಾರಿಯಲ್ಲಿ 12 ನಿಮಿಷ ನಷ್ಟ. ಹಾಗಾಗಿ ಮೊದಲ ಸಲ ಹತ್ತುವವರಿಗೆ ನಾನು ಹೇಳುವುದು ಎಫ್‌ಟಿಪಿಯ 90ರಿಂದ 93%. ತಿರುವು 15 ಬರುವ ತನಕ ಅದರ ಮೇಲೆ ಹೋಗಬೇಡಿ. ಬೇಜಾರಾದರೂ ಪರವಾಗಿಲ್ಲ.

ಕಡಿದಾದ ಜಾಗದಲ್ಲಿ 10–15 ವಾಟ್ ಜಾಸ್ತಿ, ತಿರುವಿನಲ್ಲಿ ದಾರಿ ಸ್ವಲ್ಪ ಮಟ್ಟಸವಾದಾಗ ಅಷ್ಟೇ ಕಡಿಮೆ. ಇದು ಸರಿ. ಏರಿನಲ್ಲಿ ಶಕ್ತಿಯೆಲ್ಲ ತೂಕ ಎತ್ತುವುದಕ್ಕೇ ಹೋಗುವುದರಿಂದ ಅಲ್ಲಿ ಒತ್ತಿದ ಪ್ರತಿ ವಾಟ್ ಸಮಯ ಉಳಿಸುತ್ತದೆ. ಇದೇ ಕಾರಣಕ್ಕೆ ಬೇರೆಯವರ ಹಿಂದೆ ಅಂಟಿಕೊಂಡು ಹೋಗಿ ಪ್ರಯೋಜನವಿಲ್ಲ. ಗಂಟೆಗೆ 11–12 ಕಿಲೋಮೀಟರ್ ವೇಗದಲ್ಲಿ ಗಾಳಿಯ ಮರೆ ಸಿಗುವುದು ಹೆಸರಿಗೆ ಮಾತ್ರ.

ಇನ್ನು ಟ್ರೈನರ್ ಡಿಫಿಕಲ್ಟಿ, ಅಂದರೆ ಆಟದ ಏರು ಕಾಲಿಗೆ ಎಷ್ಟು ತಾಗಬೇಕೆಂದು ಹೇಳುವ ಸೆಟ್ಟಿಂಗ್. ಈ ಸೆಟ್ಟಿಂಗ್ ಬಗ್ಗೆ ಇರುವಷ್ಟು ತಪ್ಪು ತಿಳಿವಳಿಕೆ ಬೇರೆ ಯಾವುದರ ಬಗ್ಗೆಯೂ ಇಲ್ಲ. ಮೊದಲಿಗೆ ಅದು 50%ರಲ್ಲಿ ಇರುತ್ತದೆ, ಅಂದರೆ 8% ಏರು ಕಾಲಿಗೆ 4%ರಂತೆ ತಾಗುತ್ತದೆ. ಆಟದ ಒಳಗಿನ ವೇಗ ಮಾತ್ರ ನಿಮ್ಮ ವಾಟ್ ಮತ್ತು ತೂಕ ನೋಡಿಯೇ ಲೆಕ್ಕ ಆಗುತ್ತದೆ. ಕಡಿಮೆ ಇಟ್ಟರೆ ಮೋಸ ಅಂತ ಹಟಕ್ಕೆ 100% ಇಡುವವರಿದ್ದಾರೆ. ಗೇರ್ ಮುಗಿದು ನಿಮಿಷಕ್ಕೆ 55 ಸುತ್ತಿನಲ್ಲಿ ಪೆಡಲ್ ತುಳಿದು, ಅರ್ಧ ದಾರಿಯಲ್ಲೇ ತೊಡೆ ಹಿಡಿದುಕೊಳ್ಳುತ್ತದೆ. 80ರ ಸುತ್ತು ಉಳಿಯುವಷ್ಟು ಇಳಿಸಿಕೊಳ್ಳಿ, ಯಾರೂ ಏನೂ ಅನ್ನುವುದಿಲ್ಲ. ಅಸಲಿ ಬೆಟ್ಟಕ್ಕೆ, ನಂದಿಗೋ ಮುಳ್ಳಯ್ಯನಗಿರಿಗೋ, ತಯಾರಿ ನಡೆಸುವವರು ಆಗಾಗ ಏರಿಸಿ ಅಭ್ಯಾಸ ಮಾಡಿದರೆ ಒಳ್ಳೆಯದು.

ಹೇಗೆ ತುಳಿದರೂ ಟ್ರೈನರ್ ವಾಟನ್ನು ಒಂದೇ ಮಟ್ಟದಲ್ಲಿ ಇಡುವ ಎರ್ಗ್ ಮೋಡ್‌ನಲ್ಲಿ ಹತ್ತುವುದು ನನಗೆ ಇಷ್ಟವಿಲ್ಲ. ಟ್ರೈನರ್ರೇ ವಾಟ್ ಹಿಡಿದಿಟ್ಟರೆ ನೀವು ಕಲಿಯುವುದೇನು?

ಪರದೆಯ ಮೇಲಿನ ವಾಟ್ ಸಂಖ್ಯೆ ಕುಣಿಯುತ್ತಿದ್ದರೆ ಮೂರು ಸೆಕೆಂಡಿನ ಸರಾಸರಿಗೆ ಹಾಕಿ. ಹೃದಯ ಬಡಿತವನ್ನು ನಂಬಿ ಶುರು ಮಾಡಬೇಡಿ, ಅದು ಯಾವಾಗಲೂ ತಡವಾಗಿ ಬರುತ್ತದೆ. ಕೋಣೆಯಲ್ಲಿ ಗಾಳಿಯಾಡದಿದ್ದರೆ ಕೊನೆಗೆ ಸುಳ್ಳನ್ನೂ ಹೇಳುತ್ತದೆ. ಅದೇ 205 ವಾಟ್, 20ನೇ ನಿಮಿಷಕ್ಕೆ 155 ಇದ್ದ ಬಡಿತ 50ನೇ ನಿಮಿಷಕ್ಕೆ 170 ಆಗಿರಬಹುದು. ದಮ್ಮು ಕಡಿಮೆಯಾಯಿತೆಂದು ಹೆದರುತ್ತಾರೆ, ಮುಕ್ಕಾಲು ಪಾಲು ಅದು ಸೆಕೆ. ಮಂಗಳೂರಿನ ಕಡೆಯವರು ಒಂದು ಫ್ಯಾನ್ ಮುಂದೆ, ಇನ್ನೊಂದು ಬೆನ್ನಿಗೆ ಇಡಿ. ನೀರಿನ ಬಾಟಲಿ ಎರಡಿರಲಿ, ಒಂದರಲ್ಲಿ ಸಕ್ಕರೆ ಉಪ್ಪು ಹಾಕಿ.

ತಿರುವು 7 ದಾಟಿದ ಮೇಲೆ ಮಾತಾಡಲು ಬೇಡ ಅನಿಸಿಯೂ ವಾಟ್ ಇಳಿದಿಲ್ಲ ಅಂದರೆ ಲೆಕ್ಕ ಸರಿಯಾಗಿದೆ. ಆಗ 10 ವಾಟ್ ಏರಿಸಿ, ತಿರುವು 3ರಿಂದ ಮಿಕ್ಕಿದ್ದೆಲ್ಲ ಸುರಿಯಿರಿ. ಇಳಿದು ಸ್ನಾನ ಮುಗಿಸಿ ಫೈಲ್ ತೆರೆದಾಗ ಎರಡೇ ಸಂಖ್ಯೆ ನೋಡಿ: ಬುಡದಿಂದ ತಿರುವು 15ರವರೆಗಿನ ಸರಾಸರಿ, 7ರಿಂದ ತುದಿಯವರೆಗಿನ ಸರಾಸರಿ. ಎರಡನೆಯದು ಕಡಿಮೆ ಬಂದಿದ್ದರೆ ಮುಂದಿನ ಸಲ ಶುರುವಿನ ವಾಟ್‌ನಲ್ಲಿ 5 ಕಳೆಯಿರಿ.